ಜನರಲ್ ರಜಿಸ್ಟರಿನ ಒಂದು ಸಾಲು

ಶತಮಾನೋತ್ಸವದ ನಿಮಿತ್ತವಾಗಿ ನಮ್ಮ ಶಾಲೆಯ ಹಳೆಯ ದಫ್ತರಗಳನ್ನು ಬಿಚ್ಚಿ, ಧೂಳು ಕೊಡವಿ, ಬಿಸಿಲಿಗೆ ಹಾಕುವ ಕೆಲಸವನ್ನು ನಾವು ಮೂರು ವರ್ಷಗಳ ಹಿಂದೆ ಆರಂಭಿಸಿದೆವು. ಗೆದ್ದಲು ತಿಂದುದು ಹೋಗಿ ಉಳಿದವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾಗಿ ನಿಂತಿದ್ದುದು ಜನರಲ್ ರಜಿಸ್ಟರು. ವಿದ್ಯಾರ್ಥಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು, ಹುಟ್ಟಿದ ಊರು, ಹುಟ್ಟಿದ ದಿನಾಂಕ, ಶಾಲೆ ಬಿಟ್ಟ ದಿನ, ಬಿಟ್ಟ ಕಾರಣ ಇಷ್ಟೂ ಆದ ಮೇಲೆ ಕೊನೆಯಲ್ಲಿ ‘ಷರಾ’ ಎಂಬ ಒಂದು ಕಿರಿದಾದ ಕಾಲಂ. ಬಹುತೇಕ ವಿದ್ಯಾರ್ಥಿಗಳ ಮುಂದೆ ಅದು ಖಾಲಿಯೇ. ಆದರೆ 14 ಹೆಸರುಗಳ ಮುಂದೆ, ಬೇರೆ ಬೇರೆ ಮುಖ್ಯಾಧ್ಯಾಪಕರ ಕೈಬರಹದಲ್ಲಿ, ಹೆಚ್ಚುಕಡಿಮೆ ಒಂದೇ ಮಾತು ಇತ್ತು: ಲಷ್ಕರ ಭರ್ತಿಗಾಗಿ ದಾಖಲೆ ಕೊಟ್ಟಿದೆ.

ಈ 14 ಜನರಲ್ಲಿ ಒಬ್ಬರ ಹೆಸರೂ ನಮ್ಮ ಸಭಾಗೃಹದ ಗೋಡೆಯ ಮೇಲಿನ ಕೀರ್ತಿಫಲಕದಲ್ಲಿ ಇರಲಿಲ್ಲ. ಅಲ್ಲಿ ವೈದ್ಯರಿದ್ದರು, ಇಂಜಿನಿಯರರಿದ್ದರು, ಸರಕಾರಿ ಅಧಿಕಾರಿಗಳಿದ್ದರು. ಫಲಕವನ್ನು ಕಳೆದ ಬಾರಿ ಬಣ್ಣ ಹಾಕಿಸಿ ಬರೆಯಿಸಿದವರು ನಾವೇ. ಆದ್ದರಿಂದ ಮುಂದೆ ಹೇಳಲಿರುವ ಸೈನಿಕರೊಬ್ಬರ ದಾಖಲೆಯ ಲೋಪವನ್ನು ಬೇರೆಯವರ ಮೇಲೆ ಮಾತ್ರ ಹೊರಿಸುವ ಅಧಿಕಾರ ನಮಗಿಲ್ಲವೆಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಜತ್ತ ತಾಲೂಕಿನ ಈ ಒಣಭೂಮಿಯಿಂದ ಸೈನ್ಯಕ್ಕೆ ಹೋಗುವುದು ಹೊಸದಲ್ಲ. ಸಂಸ್ಥಾನದ ಕಾಲದಿಂದಲೂ ಮಳೆ ಕೈಕೊಟ್ಟ ವರ್ಷ ಗಂಡಾಳುಗಳು ಕಬ್ಬಿನ ಸೀಮೆಗೋ, ಮುಂಬಯಿಯ ಗಿರಣಿಗೋ, ಲಷ್ಕರಕ್ಕೋ ಹೊರಡುತ್ತಿದ್ದರು. ಬೆಳಗಾವಿ ಇಲ್ಲಿಗೆ ಬಹಳ ದೂರವೇನೂ ಅಲ್ಲ. 1922ರಿಂದ ಮರಾಠಾ ಪದಾತಿದಳದ ತರಬೇತಿ ಕೇಂದ್ರ ಅಲ್ಲಿದೆ. ಅದಕ್ಕೂ ಹಿಂದೆ, ಮೊದಲನೆಯ ಮಹಾಯುದ್ಧದಲ್ಲಿ, 103, 110 ಮತ್ತು 117ನೆಯ ಮರಾಠಾ ಪಲ್ಟನ್ನುಗಳು ಮೆಸಪೊಟೇಮಿಯಾದ ಕೂಟ್ ಪಟ್ಟಣದ ಮುತ್ತಿಗೆಯಲ್ಲಿ ಸಿಕ್ಕಿಬಿದ್ದವು. 1915ರ ಡಿಸೆಂಬರಿನಿಂದ ಹಸಿವೆಯಲ್ಲಿ ಕಾದು, 1916ರ ಏಪ್ರಿಲ್ 29ರಂದು ಅಲ್ಲಿಯ ಸೇನೆ ಶರಣಾಯಿತು. ಸೆರೆಯಾದವರಲ್ಲಿ ತುಂಬ ಮಂದಿ ಮರಳಲಿಲ್ಲ.

ಆ ಯುದ್ಧ ಮುಗಿದ ಮೇಲೆ ಸರಕಾರವು ಅನೇಕ ಹಳ್ಳಿಗಳಲ್ಲಿ ಸಣ್ಣ ಕಲ್ಲಿನ ಫಲಕಗಳನ್ನು ಕೂರಿಸಿತು. ಈ ಊರಿನಿಂದ ಇಷ್ಟು ಜನ ಮಹಾಯುದ್ಧಕ್ಕೆ ಹೋದರು, ಇಷ್ಟು ಜನ ಪ್ರಾಣ ಕೊಟ್ಟರು ಎಂದು ಅವುಗಳ ಮೇಲೆ ಕೆತ್ತಿರುತ್ತದೆ. ಸಂಖ್ಯೆಯಿದೆ, ಹೆಸರಿಲ್ಲ. ಇರಾಕಿನ ಬಸ್ರಾದಲ್ಲಿ ಕಟ್ಟಿದ ದೊಡ್ಡ ಸ್ಮಾರಕದ ಕಥೆಯೂ ಅದೇ: ಬ್ರಿಟಿಷ್ ಸೈನಿಕರ ಹೆಸರುಗಳನ್ನು ಒಂದೊಂದಾಗಿ ಕೆತ್ತಿ, ಭಾರತದ ಸಾಮಾನ್ಯ ಸಿಪಾಯಿಗಳನ್ನು ಪಲ್ಟನ್ನಿನ ಹೆಸರಿನ ಕೆಳಗೆ ಒಂದು ಅಂಕಿಯಾಗಿ ಬರೆದು ಮುಗಿಸಿದರು. ಯುದ್ಧಸಮಾಧಿಗಳ ಆಯೋಗವೇ 2021ರಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ ಈ ಭೇದವನ್ನು ಒಪ್ಪಿಕೊಂಡು ಕ್ಷಮೆ ಕೇಳಿತು. ಪದಕಗಳಲ್ಲಿಯೂ ಅಂತರವಿತ್ತು. ಆ ಯುದ್ಧದ ಮುಖ್ಯ ಪದಕ ಹೋರಾಡಿದವರಿಗೆ ಬೆಳ್ಳಿಯದು. ಸೈನ್ಯದ ಹಿಂದೆ ಹೊರೆ ಹೊತ್ತ ಕೂಲಿದಳದವರಿಗೆ ಅದೇ ಅಚ್ಚಿನದು, ಕಂಚಿನಲ್ಲಿ.

ಇಲ್ಲಿ ಓದುಗರಿಗೆ ಒಂದು ವ್ಯತ್ಯಾಸವನ್ನು ತಿಳಿಸಬೇಕು. ಪದಕವೆಂದೊಡನೆ ನಮಗೆ ಶೌರ್ಯಪ್ರಶಸ್ತಿ ನೆನಪಾಗುತ್ತದೆ. ಪರಮವೀರಚಕ್ರ, ಮಹಾವೀರಚಕ್ರ, ವೀರಚಕ್ರಗಳನ್ನು 1950ರ ಜನವರಿ 26ರಂದು ಸ್ಥಾಪಿಸಿ 1947ರ ಆಗಸ್ಟ್ 15ರಿಂದ ಅನ್ವಯಿಸಲಾಯಿತು. 1948ರಲ್ಲಿ ನೌಶೇರಾದಿಂದ ರಾಜೌರಿಗೆ ಹೋಗುವ ದಾರಿಯಲ್ಲಿ ನೆಲಬಾಂಬುಗಳನ್ನು ತೆಗೆದು ಹಾದಿ ಬಿಡಿಸಿದ ಕಾರವಾರ ಸೀಮೆಯ ರಾಮ ರಾಘೋಬಾ ರಾಣೆಯವರು ಬದುಕಿರುವಾಗಲೇ ಪರಮವೀರಚಕ್ರ ಪಡೆದವರಲ್ಲಿ ಮೊದಲಿಗರು. ಇಂಥ ಪ್ರಶಸ್ತಿಗಳು ಭಾರತ ಸರಕಾರದ ರಾಜಪತ್ರದಲ್ಲಿ ಅಚ್ಚಾಗುತ್ತವೆ. ಅವು ಕಳೆದುಹೋಗುವುದು ಕಷ್ಟ. ಎರಡನೆಯ ಬಗೆಯವು ಸೇವಾಪದಕಗಳು. ಇಂಥ ಯುದ್ಧದಲ್ಲಿ, ಇಂಥ ವಲಯದಲ್ಲಿ, ಇಂಥ ದಿನಗಳಲ್ಲಿ ಕರ್ತವ್ಯದ ಮೇಲಿದ್ದರು ಎಂಬುದಕ್ಕೆ ಅವು ಸಾಕ್ಷಿ. 1965ರ ಯುದ್ಧಕ್ಕೆ ಸಮರ ಸೇವಾ ಸ್ಟಾರ್ ಮತ್ತು ರಕ್ಷಾ ಮೆಡಲ್, 1971ರ ಯುದ್ಧಕ್ಕೆ ಪೂರ್ವರಂಗದವರಿಗೆ ಪೂರ್ವಿ ಸ್ಟಾರ್, ಪಶ್ಚಿಮರಂಗದವರಿಗೆ ಪಶ್ಚಿಮಿ ಸ್ಟಾರ್, ಜೊತೆಗೆ ಸಂಗ್ರಾಮ್ ಮೆಡಲ್. 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಸ್ವಾತಂತ್ರ್ಯದ 25ನೆಯ ವರ್ಷದ ಪದಕ. ಇವು ರಾಜಪತ್ರದಲ್ಲಿ ಹೆಸರು ಹಿಡಿದು ಬರುವುದಿಲ್ಲ. ಸೈನಿಕ ಇದ್ದ ಘಟಕದ ಗುಮಾಸ್ತರು ಪಟ್ಟಿ ಬರೆಯಬೇಕು, ಆ ಪಟ್ಟಿ ‘ಪಾರ್ಟ್ ಟೂ ಆರ್ಡರ್’ ಎಂಬ ಆದೇಶವಾಗಿ ಹೊರಡಬೇಕು, ಅದನ್ನು ನೋಡಿ ರೆಕಾರ್ಡ್ ಕಚೇರಿಯಲ್ಲಿ ಸೈನಿಕನ ‘ಶೀಟ್ ರೋಲ್’ ಎಂಬ ಸೇವಾದಾಖಲೆಯಲ್ಲಿ ನಮೂದು ಬೀಳಬೇಕು. ನಿವೃತ್ತಿಯ ಹೊತ್ತಿಗೆ ಅದೇ ನಮೂದು ಡಿಸ್ಚಾರ್ಜ್ ಬುಕ್ಕಿಗೆ ಇಳಿಯುತ್ತದೆ. ನಾಲ್ಕು ಕೈಗಳನ್ನು ದಾಟಿ ಬರುವ ಹೆಸರು ಎಲ್ಲಿಯಾದರೂ ಒಂದು ಕಡೆ ಜಾರಿದರೆ ಕೊನೆಯ ಪುಟ ಖಾಲಿ.

ಷರಾ ಕಾಲಮ್ಮಿನ 14 ಜನರಲ್ಲಿ ಊರಿನಲ್ಲಿ ಈಗ ಉಳಿದವರು ಒಬ್ಬರೇ. ಅವರನ್ನು ಎಲ್ಲರೂ ಮಿಲಿಟರಿ ಅಜ್ಜ ಎಂದೇ ಕರೆಯುತ್ತಾರೆ. ಅವರ ಇಚ್ಛೆಯಂತೆ ನಾವೂ ಇಲ್ಲಿ ಹಾಗೆಯೇ ಬರೆಯುತ್ತೇವೆ. ರಜಿಸ್ಟರಿನ ಪ್ರಕಾರ ಅವರು ಹುಟ್ಟಿದ್ದು 1-6-1947. ಆ ಕಾಲದಲ್ಲಿ ಶಾಲೆಗೆ ಬಂದ ಅರ್ಧಕ್ಕರ್ಧ ಮಕ್ಕಳು ಜೂನ್ 1ರಂದೇ ಹುಟ್ಟಿದವರು. ಜೂನಿನಲ್ಲಿ ಶಾಲೆ ತೆರೆಯುತ್ತಿತ್ತು, ತಂದೆತಾಯಿಗಳಿಗೆ ತಾರೀಖು ಗೊತ್ತಿರುತ್ತಿರಲಿಲ್ಲ, ಮಾಸ್ತರರು ಲೆಕ್ಕ ಹಾಕಿ ಬರೆದುಬಿಡುತ್ತಿದ್ದರು. ಅಜ್ಜನ ತಾಯಿಯ ಮಾತಿನಂತೆ ಅವರು ಹುಟ್ಟಿದ್ದು ಸೀಗಿ ಹುಣ್ಣಿಮೆಯ ಆಸುಪಾಸು. ಏಳನೆಯ ಇಯತ್ತೆ ಮುಗಿಸಿ 1961ರಲ್ಲಿ ಶಾಲೆ ಬಿಟ್ಟು, ಹೊಲದಲ್ಲಿ ದುಡಿದು, 1966ರಲ್ಲಿ ಶಾಲೆಯ ದಾಖಲೆ ತೆಗೆದುಕೊಂಡು ಹೋಗಿ ಭರ್ತಿಯಾದರು. ಸೈನ್ಯದಲ್ಲಿ ಅವರದು ಲಾರಿ ಚಾಲಕನ ಕೆಲಸ. 15 ವರ್ಷ ಸೇವೆ ಸಲ್ಲಿಸಿ 1981ರಲ್ಲಿ ಪಿಂಚಣಿಯ ಮೇಲೆ ಊರಿಗೆ ಬಂದರು.

ನಾವು ಮತ್ತು ನಮ್ಮ ಇಬ್ಬರು ಸಹೋದ್ಯೋಗಿಗಳು ಶತಮಾನೋತ್ಸವ ಸಂಪುಟಕ್ಕಾಗಿ ಅವರ ನೆನಪುಗಳನ್ನು ಬರೆದುಕೊಳ್ಳಲು ಹೋದಾಗ ಅವರು ತಗಡಿನ ಟ್ರಂಕಿನಿಂದ ಡಿಸ್ಚಾರ್ಜ್ ಬುಕ್ಕನ್ನು ತೆಗೆದು ಕೊಟ್ಟರು. ಪದಕಗಳ ಪುಟದಲ್ಲಿ ಒಂದೇ ನಮೂದು: ಸೈನ್ಯ ಸೇವಾ ಮೆಡಲ್. ಅಷ್ಟರಲ್ಲಿಯೇ ಅವರು ತಮ್ಮ 1971ರ ಕಥೆಯನ್ನು ಹೇಳುತ್ತಿದ್ದರು. ಗಾರೋ ಬೆಟ್ಟಗಳ ತುರಾದಿಂದ ಹೊರಟದ್ದು, ರಾತ್ರಿ ದೀಪ ಹಚ್ಚದೆ ಲಾರಿ ನಡೆಸಿದ್ದು, ಕಮಾಲಪುರ, ಬಕ್ಷಿಗಂಜಗಳನ್ನು ದಾಟಿ ಜಮಾಲಪುರದ ಕಡೆಗೆ ಮದ್ದುಗುಂಡು, ಹಿಟ್ಟು, ಬೇಳೆ ಒಯ್ದದ್ದು. ಇತಿಹಾಸ ಓದಿದವರಿಗೆ ಈ ದಾರಿ ಅಪರಿಚಿತವಲ್ಲ. ಕಮಾಲಪುರದ ಠಾಣೆ ಡಿಸೆಂಬರ್ 4ರಂದು ಶರಣಾಯಿತು. ಜಮಾಲಪುರವನ್ನು ಡಿಸೆಂಬರ್ 11ರಂದು ಗೆಲ್ಲಲಾಯಿತು. ಅಲ್ಲಿ ವೈರಿಯ ಹಿಂಬದಿಯ ರಸ್ತೆಯನ್ನು ಕಟ್ಟಿ ನಿಂತ ಪಲ್ಟನ್ನುಗಳಲ್ಲಿ ಒಂದನೆಯ ಮರಾಠಾ ಪದಾತಿದಳವೂ ಇತ್ತು. ಐದು ದಿನಗಳ ನಂತರ ಢಾಕಾದಲ್ಲಿ ಶರಣಾಗತಿಯ ಪತ್ರಕ್ಕೆ ಸಹಿ ಬಿತ್ತು. ಇವರು ಬಂದೂಕು ಹಿಡಿದು ಮುಂದೆ ನುಗ್ಗಿದವರಲ್ಲದಿರಬಹುದು. ಆದರೆ ಯುದ್ಧವಲಯದಲ್ಲಿ ಇದ್ದವರೆಂಬುದರಲ್ಲಿ ಸಂದೇಹವಿರಲಿಲ್ಲ. ಹಾಗಿದ್ದರೆ ಪೂರ್ವಿ ಸ್ಟಾರ್ ಎಲ್ಲಿ?

“ಕೊಟ್ಟಿದ್ದಿಲ್ರೀ ಬಾಯಾರ. ನಾನೂ ಕೇಳ್ಲಿಲ್ಲ. ಬರಗಾಲ ಬಿದ್ದಿತ್ತು, ಮನಿ ನೋಡೋದs ಆಗಿತ್ತು” ಎಂದರು.

1972ರ ಬರಗಾಲವನ್ನು ನಮ್ಮ ತಾಲೂಕಿನಲ್ಲಿ ಕಂಡವರಿಗೆ ಆ ಉತ್ತರ ಸಾಕು. ಊರಿನವರು ಕಲ್ಲು ಒಡೆಯುವ ಕಾಮಗಾರಿಯ ಮೇಲೆ ದಿನ ತೆಗೆಯುತ್ತಿದ್ದರು. ರಜೆಯ ಮೇಲೆ ಬಂದ ಸೈನಿಕ ಎದೆಯ ಮೇಲೆ ಯಾವ ಪಟ್ಟಿ ಇದೆ, ಯಾವುದಿಲ್ಲ ಎಂದು ನೋಡಿಕೊಳ್ಳುವ ಕಾಲ ಅದಲ್ಲ. ಆದರೆ ಅಜ್ಜ ಇನ್ನೊಂದು ಮಾತನ್ನೂ ಹೇಳಿದರು. ಒಮ್ಮೆ ಮಾಜಿ ಸೈನಿಕರ ಸಭೆಯಲ್ಲಿ ಯಾರೋ ಇವರ ಕೋಟಿನ ಮೇಲಿನ ಒಂಟಿ ಪದಕವನ್ನು ನೋಡಿ, ಯುದ್ಧದ ಹೊತ್ತಿನಲ್ಲಿ ಎಲ್ಲಿ ಅಡಗಿದ್ದಿರಿ ಎಂದು ನಗೆಯಾಡಿದರಂತೆ. ಅಂದಿನಿಂದ ಅವರು ಆ ಸಭೆಗಳಿಗೆ ಹೋಗುವುದನ್ನು ಬಿಟ್ಟಿದ್ದರು. ಅವರ ಮೊಮ್ಮಕ್ಕಳಿಗೂ ಅಜ್ಜ ಯುದ್ಧದಲ್ಲಿದ್ದರೆಂಬುದು ಒಂದು ಕಟ್ಟುಕಥೆಯಂತೆ ಕೇಳುತ್ತಿತ್ತು. ಅರ್ಜಿ ಹಾಕೋಣವೆಂದು ನಾವು ನಿಶ್ಚಯಿಸಿದ್ದು ಆ ದಿನ.

ಊರಿನ ಕೆಲವರು ಇದರಿಂದ ಪಿಂಚಣಿ ಎಷ್ಟು ಹೆಚ್ಚಾಗುತ್ತದೆಂದು ವಿಚಾರಿಸಿದರು. ಒಂದು ಪೈಯೂ ಇಲ್ಲ. ಶೌರ್ಯಪ್ರಶಸ್ತಿಗಳಿಗೆ ಮಾಸಿಕ ಭತ್ಯೆ ಉಂಟು, ಸೇವಾಪದಕಗಳಿಗೆ ಇಲ್ಲ. ಹಾಗೆಂದಾಗ ಕೆಲವರ ಉತ್ಸಾಹ ಕುಗ್ಗಿದ್ದನ್ನು ಕಂಡೆವು. ಅಜ್ಜನದು ಕುಗ್ಗಲಿಲ್ಲ.

ಮೊದಲನೆಯ ಅರ್ಜಿಗೆ ಬಂದ ಉತ್ತರ ಎರಡೇ ಸಾಲಿನದು: ದಾಖಲೆಯಲ್ಲಿ ಇಂಥ ನಮೂದು ಇಲ್ಲ. ನಮಗೆ ಅದು ಗೊತ್ತಿತ್ತು. ಇಲ್ಲವೆಂದೇ ಅಲ್ಲವೇ ಅರ್ಜಿ ಹಾಕಿದ್ದು! ಎರಡನೆಯ ಬಾರಿ, ಅಜ್ಜ ಆ ದಿನಗಳಲ್ಲಿ ತಮ್ಮ ಮೂಲ ಘಟಕದಿಂದ ಬೇರೊಂದು ಘಟಕಕ್ಕೆ ತಾತ್ಕಾಲಿಕವಾಗಿ ಜೋಡಣೆಯಾಗಿದ್ದರೆಂಬ ಸಂಗತಿಯನ್ನು ಎತ್ತಿ ಬರೆದೆವು. ಗಂಟು ಇದ್ದುದೇ ಅಲ್ಲಿ. ಪಟ್ಟಿಯನ್ನು ಬರೆದವರು ಜೋಡಣೆಯ ಘಟಕದವರು, ದಾಖಲೆ ಇದ್ದುದು ಮೂಲ ಘಟಕದ ಕಡೆ. ಈ ಸಲ ಯಾರೋ ಪುಣ್ಯಾತ್ಮರು ಹಳೆಯ ಆದೇಶಗಳನ್ನು ತೆಗೆಸಿ ನೋಡಿದರು. ಪಟ್ಟಿಯಲ್ಲಿ ಇವರದನ್ನು ಹೋಲುವ ಒಂದು ಹೆಸರಿದೆ, ಆದರೆ ಸೇನಾಸಂಖ್ಯೆಯಲ್ಲಿ ಒಂದು ಅಂಕಿ ಬೇರೆ, ಅಡ್ಡಹೆಸರೂ ಇಲ್ಲ, ಆದ್ದರಿಂದ ಇಬ್ಬರೂ ಒಬ್ಬರೇ ಎಂದು ಹೇಳಲಾಗದು ಎಂಬ ಉತ್ತರ ಬಂತು.

ಹೆಸರಿನ ಈ ತೊಡಕು ಗಡಿನಾಡಿನ ನಮಗೆ ದಿನನಿತ್ಯದ್ದು. ನಮ್ಮಲ್ಲಿ ಮನುಷ್ಯನಿಗೆ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು. ಕನ್ನಡದಲ್ಲಿ ಬರೆದ ಹೆಸರು ಮರಾಠಿಗೆ ಹೋದಾಗ ಒತ್ತಕ್ಷರ ಬಿಟ್ಟು ದೀರ್ಘ ಹಿಡಿಯುತ್ತದೆ. ಅಲ್ಲಿಂದ ಇಂಗ್ಲಿಷಿಗೆ ಹೋದಾಗ ಇನ್ನೇನೋ ಆಗುತ್ತದೆ. ಭರ್ತಿಯ ಮೇಜಿನಲ್ಲಿ ಕುಳಿತವರು ಅಜ್ಜನ ಹೆಸರಿಗೆ ಅಡ್ಡಹೆಸರನ್ನು ಸೇರಿಸಿ ತಂದೆಯ ಹೆಸರನ್ನು ಬಿಟ್ಟಿದ್ದರು. ಯುದ್ಧಕಾಲದ ಪಟ್ಟಿ ಬರೆದವರು ತಂದೆಯ ಹೆಸರನ್ನು ಸೇರಿಸಿ ಅಡ್ಡಹೆಸರನ್ನು ಬಿಟ್ಟಿದ್ದರು. ಹೀಗೆ ಒಬ್ಬ ಮನುಷ್ಯ ಕಾಗದದ ಮೇಲೆ ಇಬ್ಬರಾಗಿ, ಒಬ್ಬನು ಯುದ್ಧಕ್ಕೆ ಹೋದನು, ಇನ್ನೊಬ್ಬನು ಪಿಂಚಣಿ ತೆಗೆದುಕೊಂಡನು.

ಮೂರೂ ಹೆಸರುಗಳು ಒಂದೇ ಸಾಲಿನಲ್ಲಿ ಇದ್ದುದು ಒಂದೇ ಕಡೆ, ನಮ್ಮ ಜನರಲ್ ರಜಿಸ್ಟರಿನಲ್ಲಿ. ನಾವು ಅದರ ಉತಾರ ತೆಗೆದು, ಶಾಲೆಯ ಮೊಹರು ಹಾಕಿ ಕಳುಹಿಸಿದೆವು. ಒಂದು ಕಚೇರಿಯಲ್ಲಿ ಅದನ್ನು ಮೇಜಿನ ಈ ಕಡೆಗೇ ಸರಿಸಿ, ಕನ್ನಡ ಓದುವವರು ಇಲ್ಲಿ ಯಾರೂ ಇಲ್ಲ ಎಂದರು. ಆ ಮಾತಿಗೆ ನಾವು ಸಿಟ್ಟಾಗಲಿಲ್ಲ ಎಂದರೆ ಸುಳ್ಳಾದೀತು. ಆದರೂ ಮರಾಠಿಗೂ ಇಂಗ್ಲಿಷಿಗೂ ಅನುವಾದ ಮಾಡಿ, ದೃಢೀಕರಣ ಮಾಡಿಸಿ, ಮತ್ತೆ ಕೊಟ್ಟೆವು.

ಇನ್ನು ಸಂಖ್ಯೆಯ ಅಂಕಿ. ಅದಕ್ಕೆ ರಜಿಸ್ಟರಿನಲ್ಲಿ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಅದೇ ಕಪಾಟಿನ ಕೆಳಗಿನ ಅರೆಯಲ್ಲಿ. 1960ರ ದಶಕದಿಂದ ಬಹುಕಾಲ ನಮ್ಮ ಶಾಲೆಯ ಮುಖ್ಯಾಧ್ಯಾಪಕರಾಗಿದ್ದ ಗುರುಗಳು ತಮಗೆ ಬಂದ ಕಾಗದಗಳನ್ನು ತಂತಿಗೆ ಪೋಣಿಸಿ ಇಡುತ್ತಿದ್ದರು. ಇಲಾಖೆಯ ಸುತ್ತೋಲೆ, ಸೀಮೆಸುಣ್ಣದ ಬಿಲ್ಲುಗಳ ನಡುವೆ ಒಂದು ಸೈನಿಕರ ಅಂತರ್ದೇಶೀಯ ಪತ್ರ ಇತ್ತು. 1972ರ ಜನವರಿಯದು. ಮಿಲಿಟರಿ ಅಜ್ಜ, ಆಗ 24ರ ಯುವಕ, ತನ್ನ ಗುರುಗಳಿಗೆ ಕನ್ನಡದಲ್ಲಿ ಬರೆದದ್ದು. ಯುದ್ಧದ ವಿಷಯ ಅದರಲ್ಲಿ ಏನೂ ಇಲ್ಲ. ಬರೆಯಲು ಅನುಮತಿಯೂ ಇರುತ್ತಿರಲಿಲ್ಲ. ಕ್ಷೇಮ ಸಮಾಚಾರ, ಮಳೆ ಆಯಿತೇ ಎಂಬ ಪ್ರಶ್ನೆ, ತಮ್ಮನನ್ನು ಶಾಲೆ ಬಿಡಿಸಬಾರದೆಂದು ತಂದೆಗೆ ಹೇಳಬೇಕೆಂಬ ವಿನಂತಿ, ಅಷ್ಟೇ. ಆದರೆ ಸೈನಿಕರು ಬರೆಯಲೇಬೇಕಾದಂತೆ ಹಿಂಬದಿಯಲ್ಲಿ ವಿಳಾಸ ಬರೆದಿದ್ದರು: ಸೇನಾಸಂಖ್ಯೆ, ದರ್ಜೆ, ಮೂರೂ ಭಾಗಗಳ ಪೂರ್ಣ ಹೆಸರು, ಜೋಡಣೆಯಾಗಿದ್ದ ಘಟಕ, ಕೊನೆಗೆ ‘99 ಎ.ಪಿ.ಒ.’. ಇದು ಪೂರ್ವಭಾಗದಲ್ಲಿದ್ದ ಸೇನೆಗೆ ಗೊತ್ತುಪಡಿಸಿದ ಅಂಚೆಯ ವಿಳಾಸ. ಪಶ್ಚಿಮ ಮತ್ತು ಉತ್ತರದವರಿಗೆ 56. ಗುರುಗಳು ಆ ಪತ್ರವನ್ನು ಏಕೆ ಇಟ್ಟುಕೊಂಡರೋ! ತಮ್ಮನ ಹೆಸರು ಮುಂದಿನ ವರ್ಷದ ರಜಿಸ್ಟರಿನಲ್ಲಿಯೂ ಇದೆ ಎಂಬುದನ್ನು ನಾವು ನೋಡಿದೆವು.

ಕಾಗದ ಕಳೆದಾಗ ಇನ್ನೊಂದು ಕಾಗದ ಸಾಕ್ಷಿ ನುಡಿಯುವುದು ಲೋಕದಲ್ಲಿ ಬೇರೆಡೆಯೂ ನಡೆದಿದೆ. 1940ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಮೇಲೆ ಬಿದ್ದ ಬಾಂಬಿನಿಂದ ಬ್ರಿಟಿಷ್ ಸೈನಿಕರ ಮೊದಲನೆಯ ಮಹಾಯುದ್ಧದ ಸೇವಾದಾಖಲೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು. ಅಮೆರಿಕದ ಸೇಂಟ್ ಲೂಯಿಸಿನಲ್ಲಿ 1973ರ ಜುಲೈ 12ರಂದು ಹತ್ತಿದ ಬೆಂಕಿ 1 ಕೋಟಿ 60 ಲಕ್ಷದಿಂದ 1 ಕೋಟಿ 80 ಲಕ್ಷದಷ್ಟು ಸೈನಿಕ ಕಡತಗಳನ್ನು ನುಂಗಿತು. ಅಲ್ಲಿಯ ಮಾಜಿ ಸೈನಿಕರ ಸೇವೆಯನ್ನು ಸಂಬಳದ ಪಟ್ಟಿ, ಆಸ್ಪತ್ರೆಯ ಚೀಟಿ ಮುಂತಾದವುಗಳಿಂದ ಇಂದಿಗೂ ಮತ್ತೆ ಕಟ್ಟಿಕೊಡಲಾಗುತ್ತಿದೆ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದ ರಜಿಸ್ಟರುಗಳಲ್ಲಿ ಪಂಜಾಬಿನ ಸುಮಾರು 3,20,000 ಸೈನಿಕರ ವಿವರಗಳು ಹಳ್ಳಿಹಳ್ಳಿಯ ಲೆಕ್ಕದಲ್ಲಿ ದೊರೆತವು. ದೂರದೇಶಗಳಲ್ಲಿರುವ ಮರಿಮಕ್ಕಳು 2021ರಿಂದ ಅವುಗಳಲ್ಲಿ ತಮ್ಮ ಮುತ್ತಜ್ಜಂದಿರನ್ನು ಹುಡುಕುತ್ತಿದ್ದಾರೆ. ನಮ್ಮ ದೇಶದಲ್ಲಿ ಬೆಂಕಿಯೇ ಬೀಳಬೇಕೆಂದಿಲ್ಲ: ಪಿಂಚಣಿಯಿಲ್ಲದೆ ಸೇವೆ ಬಿಟ್ಟವರ ಕಾಗದಪತ್ರಗಳನ್ನು 25 ವರ್ಷ ಇಟ್ಟುಕೊಂಡು ಆಮೇಲೆ ನಾಶಪಡಿಸುವ ನಿಯಮವೇ ಇದೆ. ಅಜ್ಜ ಪಿಂಚಣಿದಾರರಾಗಿದ್ದರಿಂದ ಅವರ ಶೀಟ್ ರೋಲ್ ಉಳಿದಿತ್ತು. ನಮ್ಮ 14 ಜನರಲ್ಲಿ ಐದಾರು ವರ್ಷಕ್ಕೇ ಊರಿಗೆ ಮರಳಿದವರೂ ಇದ್ದಾರೆ.

ಪತ್ರದ ಪ್ರತಿ, ಉತಾರ, ಅನುವಾದ, ಅಜ್ಜನ ಪ್ರಮಾಣಪತ್ರ ಎಲ್ಲವನ್ನೂ ಹೊತ್ತ ಮೂರನೆಯ ಅರ್ಜಿಗೆ 14 ತಿಂಗಳ ನಂತರ ಉತ್ತರ ಬಂತು. ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, 25ನೆಯ ಸ್ವಾತಂತ್ರ್ಯ ವರ್ಷದ ಪದಕ ಈ ಮೂರನ್ನೂ ಸೇವಾದಾಖಲೆಯಲ್ಲಿ ನಮೂದಿಸಲಾಗಿದೆ. ಡಿಸ್ಚಾರ್ಜ್ ಬುಕ್ಕನ್ನು ತಿದ್ದುಪಡಿಗೆ ಕಳುಹಿಸಿರಿ ಎಂದಿತ್ತು. 9 ವರ್ಷಗಳ ದೀರ್ಘ ಸೇವಾ ಪದಕಕ್ಕೂ ನಾವು ಕೇಳಿದ್ದೆವು, ಅದು ಇನ್ನೂ ಪರಿಶೀಲನೆಯಲ್ಲಿದೆ. 40 ವರ್ಷ ಟ್ರಂಕಿನಲ್ಲಿದ್ದ ಪುಸ್ತಕವನ್ನು ಅಂಚೆಗೆ ಕೊಡಲು ಅಜ್ಜ ಎರಡು ದಿನ ಹಿಂದುಮುಂದು ನೋಡಿದರು. ಪ್ರತಿ ಪುಟದ ಝೆರಾಕ್ಸ್ ತೆಗೆಯಿಸಿ ಕೈಗಿತ್ತ ಮೇಲೆ ಒಪ್ಪಿದರು. ಅದು ಮರಳಿ ಬಂದಾಗ ಪದಕಗಳ ಪುಟದಲ್ಲಿ ಹೊಸ ಶಾಯಿಯ ಮೂರು ಸಾಲುಗಳಿದ್ದವು, ಕೆಳಗೆ ಸಹಿ ಮತ್ತು ಮೊಹರು.

ಪದಕಗಳು ಅದಕ್ಕೂ ತಡವಾಗಿ ಬಂದವು. ಸ್ವತಂತ್ರ ಭಾರತದ ಪದಕಗಳಲ್ಲಿ ಸೈನಿಕನ ಸಂಖ್ಯೆ ಮತ್ತು ಹೆಸರನ್ನು ಕೊರೆಯುವ ಪದ್ಧತಿಯಿದೆ. ಅಜ್ಜ ಕನ್ನಡಕ ಏರಿಸಿ, ಒಂದೊಂದನ್ನೂ ತಿರುಗಿಸಿ ಓದಿದರು. ನಾವೂ ಓದಿದೆವು. ಸಂಖ್ಯೆ ಸರಿಯಾಗಿತ್ತು. ಹೆಸರು ಮತ್ತೆ ಎರಡೇ ಭಾಗದ್ದು, ತಂದೆಯ ಹೆಸರು ಇಲ್ಲ. ನಮ್ಮ ಮುಖ ಸಣ್ಣದಾದುದನ್ನು ಕಂಡು ಅವರೇ ಸಮಾಧಾನ ಹೇಳಿದರು: “ಇರಲಿ ಬಿಡ್ರೀ ಬಾಯಾರ, ನಂಬರ್ ನಂದs ಐತಿ. ಅಪ್ಪನ ಹೆಸರು ನಿಮ್ಮ ರಜಿಸ್ಟರದಾಗ ಐತಲ್ಲ.”

ಜನರಲ್ ರಜಿಸ್ಟರಿನಲ್ಲಿ ಮೇಲಧಿಕಾರಿಗಳ ಅಪ್ಪಣೆಯಿಲ್ಲದೆ ಒಂದು ಅಕ್ಷರವನ್ನೂ ಸೇರಿಸುವಂತಿಲ್ಲ, ನಾವು ಸೇರಿಸಿಲ್ಲ. ಪತ್ರವ್ಯವಹಾರದ ಪ್ರತಿಗಳನ್ನೆಲ್ಲ ಬೇರೊಂದು ಕಡತದಲ್ಲಿಟ್ಟು, ಅದಕ್ಕೆ ರಜಿಸ್ಟರಿನ ಅದೇ ಅನುಕ್ರಮ ಸಂಖ್ಯೆಯನ್ನು ಕೊಟ್ಟಿದ್ದೇವೆ. ಕೀರ್ತಿಫಲಕವನ್ನು ಮಾತ್ರ ತಿದ್ದಲು ನಮಗೆ ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. 14 ಹೆಸರುಗಳೂ, ಪ್ರತಿಯೊಂದೂ ಮೂರು ಭಾಗಗಳಲ್ಲಿ, ಅಲ್ಲಿ ಬಂದಿವೆ. ಅವರಲ್ಲಿ ಇಬ್ಬರ ಮನೆಯವರು ಹಳೆಯ ಡಿಸ್ಚಾರ್ಜ್ ಬುಕ್ಕುಗಳನ್ನು ತಂದು ತೋರಿಸಿದ್ದಾರೆ. ಒಂದರಲ್ಲಿ 1965ರ ಪುಟ ಪೂರ್ಣ ಖಾಲಿಯಿದೆ, ಅದರ ಅರ್ಜಿ ಈಗ ಸಿದ್ಧವಾಗುತ್ತಿದೆ. ಉಳಿದ ಮನೆತನಗಳವರು, ಪುಣೆ, ಮುಂಬಯಿ, ಸೊಲ್ಲಾಪುರಗಳಲ್ಲಿ ನೆಲೆಸಿದವರಾದರೂ ಸರಿ, ಅಟ್ಟದ ಮೇಲಿನ ಟ್ರಂಕುಗಳನ್ನು ಒಮ್ಮೆ ತೆರೆದು ನೋಡಬೇಕು. ಪುಸ್ತಕ, ಪತ್ರ, ಫೋಟೋ ಏನಿದ್ದರೂ ಶಾಲೆಗೆ ತರಬಹುದು. ಮೂಲವನ್ನು ಅಂದೇ ಮರಳಿ ಕೊಡುತ್ತೇವೆ, ನಮಗೆ ಪ್ರತಿ ಸಾಕು.